ಪಿಲ್ಬೀಮ್ ದೊರೆ ಮಗುಚಿದ ಮೀನು

ಶೆಕ್ ಬಿಂಗ್‌ನಂಥ ಹಟಮಾರಿಯನ್ನು ಹಾಂಗ್‌ಕಾಂಗ್ ಬಂದರಿನಲ್ಲಿ ನಾನು ಇನ್ನೊಬ್ಬನನ್ನು ಕಂಡಿಲ್ಲ. ದೋಣಿಯಲ್ಲೇ ಹುಟ್ಟಿದವನು, ದೋಣಿಯಲ್ಲೇ ಮದುವೆಯಾದವನು, ನೆಲದ ಮೇಲೆ ನಡೆದರೆ ತಲೆಸುತ್ತು ಬರುತ್ತದೆ ಎನ್ನುತ್ತಿದ್ದ ಆಸಾಮಿ. ಕೌಲೂನ್ ದಂಡೆಗೆ ಜನರನ್ನು ದಾಟಿಸುವ ಫೆರಿಯ ಚುಕ್ಕಾಣಿ ಅವನದು. ಯುದ್ಧ ಬಂದಾಗ, ಶತ್ರುವಿನ ಕೈಗೆ ಒಂದು ಹಡಗೂ ಸಿಗಬಾರದು, ಎಲ್ಲವನ್ನೂ ಮುಳುಗಿಸಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಬಿಂಗ್ ತನ್ನ ಕೈಯಾರೆ ಫೆರಿಯ ತಳದ ಬಿರಡೆ ತೆಗೆದ. ಅಂದಿನಿಂದ ಚುಕ್ಕಾಣಿ ಮುಟ್ಟಲಿಲ್ಲ. "ಹೆತ್ತ ತಾಯಿಗೆ ವಿಷ ಹಾಕಿದ ಕೈ ಇದು" ಎನ್ನುತ್ತಿದ್ದ. ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಯುದ್ಧ ಮುಗಿದ ಮರುವರ್ಷ ಅದೇ ಫೆರಿಯನ್ನು ಕೆಸರಿನಿಂದ ಎತ್ತಿ ಬಣ್ಣ ಬಳಿದು ನಿಲ್ಲಿಸಿದರು. ಬಂದರು ಕಚೇರಿಗೆ ಹೊಸದಾಗಿ ಬಂದಿದ್ದ ಇಂಗ್ಲಿಷ್ ಅಧಿಕಾರಿ ಪಿಲ್ಬೀಮ್ ದೊರೆಗೆ ನಾನು ದುಭಾಷಿ ಗುಮಾಸ್ತ. ನಮ್ಮವರ ಬೈಗುಳವನ್ನು ತೊಳೆದು ಮಡಿ ಮಾಡಿ ಅವನಿಗೆ ಮುಟ್ಟಿಸುವುದೇ ನನ್ನ ಹೊಟ್ಟೆಪಾಡು. ಮತ್ತೆ ಚುಕ್ಕಾಣಿ ಹಿಡಿಯಲು ಬಿಂಗ್‌ನನ್ನು ಒಪ್ಪಿಸುವಷ್ಟರಲ್ಲಿ ನನಗೂ ಅವನ ಹೆಂಡತಿ ಸೋಮುಯ್‌ಗೂ ಸಾಕುಸಾಕಾಯಿತು.

"ಆಯ್ತು ಮಾರಾಯ್ರೇ, ಒಂದ್ಸಲ ದಾಟಿಸಿ ನೋಡ್ತೀನಿ" ಎಂದ ಕೊನೆಗೆ.

ಮೊದಲ ಓಡಾಟದ ದಿನ ಬೆಳಿಗ್ಗೆ ಕಡಲತಾಯಿ ತಿನ್ ಹಾವ್‌ಗೆ ಹುರಿದ ಹಂದಿ ಒಪ್ಪಿಸಿ, ಪಟಾಕಿ ಹೊಡೆದು, ಫೆರಿಯ ಮೇಲೇ ಊಟಕ್ಕೆ ಕೂತೆವು. ನಡುವೆ ಹಬೆಯಲ್ಲಿ ಬೆಂದ ಇಡೀ ಮೀನು. ಮೇಲಿನ ಮಗ್ಗುಲು ಖಾಲಿಯಾಯಿತು. ನಮ್ಮವರಾದರೆ ಆಗ ಮುಳ್ಳನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು ಕೆಳಗಿನದನ್ನು ತಿನ್ನುತ್ತಾರೆ. ಮೀನು ಮಗುಚಿದರೆ ದೋಣಿ ಮಗುಚಿದಂತೆ, ಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ಪಿಲ್ಬೀಮ್ ದೊರೆಗೆ ಗೊತ್ತಿರಲಿಲ್ಲ. ಎಲ್ಲರಿಗೂ ಉಪಕಾರ ಮಾಡುವವನ ಹಾಗೆ ನಗುತ್ತಾ, ಚಮಚ ತೂರಿಸಿ ಮೀನನ್ನು ದಬಕ್ಕನೆ ಮಗುಚಿ ಹಾಕಿದ. ರಸ ನನ್ನ ಅಂಗಿಗೆ ಸಿಡಿಯಿತು. ಇದ್ದದ್ದೊಂದೇ ಒಳ್ಳೆಯ ಅಂಗಿ, ಅವನ ಮನೆ ಹಾಳಾಗ!

ಅಡುಗೆಯವನು "ಅಯ್ಯೋ ತಾಯೀ!" ಎಂದು ಕುಕ್ಕರಿಸಿದ. ಬಿಂಗ್ ಎದ್ದವನೇ ದಂಡೆಗಿಳಿದು ಕಟ್ಟೆಯ ಮೇಲೆ ಕೂತುಬಿಟ್ಟ.

"ನಾನ್ ಬರಲ್ಲ. ಒಂದ್ಸಲ ಮುಳುಗಿಸಿದ್ದೇ ಸಾಕು."

"ಏನಂತೆ ಅವನಿಗೆ?" ಎಂದು ದೊರೆ ಕೇಳಿದ.

"ನೀವು ಮೀನು ಮಗುಚಿದ್ದು ಸರಿ ಬರಲಿಲ್ಲವಂತೆ, ಸಾರ್."

"ಯಾಕೆ, ಕೆಳಗಡೆ ಬೆಂದಿಲ್ವಾ?"

ಹಣೆ ಚಚ್ಚಿಕೊಳ್ಳಬೇಕೆನಿಸಿತು. ಎಲ್ಲ ಬಿಡಿಸಿ ಹೇಳಿದೆ. ಪಾಪ, ದೊರೆ ಕೆಂಪಗಾದ. ಮೀನಿನ ತಟ್ಟೆ, ಚಮಚ ಎತ್ತಿಕೊಂಡು ಕಟ್ಟೆಯವರೆಗೆ ಓಡಿ, "ವಾಪಸ್ ಮಗುಚಿ ಹಾಕ್ಲಾ?" ಎಂದ.

ಚಮಚ ಕಂಡದ್ದೇ ತಡ, "ಬೇಡಾ!" ಎಂದು ಎಲ್ಲರೂ ಕಿರುಚಿದರು. "ಮತ್ತೊಂದ್ಸಲ ಮಗುಚಿದ್ರೆ ಮತ್ತೊಂದ್ಸಲ ಮುಳುಗತ್ತೆ!"

ದಂಡೆಯ ಗೇಟಿನಾಚೆ ಫೆರಿ ಹತ್ತಲು ಜನ ಕಿಕ್ಕಿರಿದಿದ್ದರು. "ಮೀನ್ ತಿಂದಾಯ್ತಲ್ಲ, ಹೊರಡ್ರೋ! ನನ್ ಬಾತುಕೋಳಿ ಬಿಸಿಲಿಗೆ ಸಾಯ್ತಿದೆ!" ಎಂದು ಒಬ್ಬ ಮುದುಕಿ ಅರಚಿದಳು. ದೊರೆಯ ತಾಳ್ಮೆ ತಪ್ಪಿತು. ಬಿಂಗ್ ಈಗಲೇ ಹತ್ತದಿದ್ದರೆ ಲೈಸೆನ್ಸು ರದ್ದು, ಇನ್ನೆಂದೂ ಅವನ ಕೈಗೆ ಚುಕ್ಕಾಣಿ ಕೊಡುವುದಿಲ್ಲ ಎಂದ. ಹೇಳಿದೆ. ಬಿಂಗ್ ಮಂಡಿಯ ನಡುವೆ ತಲೆ ಹುದುಗಿಸಿಕೊಂಡ. ಇನ್ನು ಇವನ ಬಾಳು ಮುಗಿಯಿತು ಎಂದುಕೊಂಡೆ.

ಆಗ ಸೋಮುಯ್ ಸೊಂಟಕ್ಕೆ ಕೈಯಿಟ್ಟು ಬಂದು ನಿಂತಳು.

"ಅಲ್ಲಯ್ಯಾ, ಈ ಫೆರಿ ಮುಳುಗಿತ್ತೋ ಇಲ್ವೋ?"

"ಮುಳುಗಿತ್ತು."

"ಮತ್ತೆ? ಒಂದ್ ಮೀನಿಗೆ ಒಂದೇ ಮುಳುಗು. ಇದು ಸರ್ಕಾರದ್ ಮೀನು ಕಣಯ್ಯಾ! ಸರ್ಕಾರದ್ದು ಯಾವ್ದು ಹೊತ್ತಿಗ್ ಸರಿಯಾಗಿ ಬಂದಿದೆ? ಯುದ್ಧದ್ ಅಕ್ಕಿ ಯುದ್ಧ ಮುಗಿದ್ಮೇಲೆ ಬಂತು. ಹಂಗೇ, ಆವತ್ ಮಗುಚಬೇಕಾಗಿದ್ ಮೀನು ಇವತ್ ಮಗುಚ್ತು. ಆದದ್ದು ಆಗಿಹೋಗಿದೆ, ಏಳು!"

"ಹೌದಲ್ವಾ!" ಎಂದ ಇಂಜಿನ್ನಿನವನು. ಸರ್ಕಾರದ ಸಂಬಳ ತಿನ್ನುವ ನಾನು ಅಲ್ಲವೆನ್ನುವುದು ಹೇಗೆ? ನನ್ನ ಸಂಬಳವೇ ಆ ತಿಂಗಳದ್ದು ಬಂದಿರಲಿಲ್ಲ.

ಬಿಂಗ್ ತಲೆಯೆತ್ತಿದ. "ಹಂಗಾದ್ರೆ ಮುಳುಗಿಸಿದ್ದು ನಾನಲ್ವಾ?"

"ನೀನಲ್ಲ, ಇವ್ನು!" ಸೋಮುಯ್ ದೊರೆಯ ಮೂಗಿನ ನೇರಕ್ಕೆ ಬೆರಳು ತೋರಿಸಿದಳು.

"ಏನಂತಾಳೆ?"

ಅದೊಂದು ಸಲ ನಾನು ಏನನ್ನೂ ತೊಳೆಯಲಿಲ್ಲ. "ಯುದ್ಧದಲ್ಲಿ ಈ ಫೆರಿ ಮುಳುಗಿಸಿದವರು ನೀವಂತೆ, ಸಾರ್."

ದೊರೆ ಬಾಯಿ ತೆರೆದ. ಆಗ ಅವನು ಈ ಬಂದರನ್ನು ಕಣ್ಣಲ್ಲೂ ಕಂಡಿರಲಿಲ್ಲ. ಆದರೆ ಬಿಂಗ್ ಕಟ್ಟೆಯಿಂದ ಅರ್ಧ ಎದ್ದು ಅವನನ್ನೇ ನೋಡುತ್ತಿದ್ದ. ದೊರೆ ತೆರೆದ ಬಾಯಿ ಮುಚ್ಚಿದ. ತಟ್ಟೆಯನ್ನು ನನ್ನ ಕೈಗಿತ್ತು ಟೋಪಿ ತೆಗೆದ.

"ಹೌದು, ನಾನೇ ಮುಳುಗಿಸಿದ್ದು. ಅವನದೇನೂ ತಪ್ಪಿಲ್ಲ ಅಂತ ಹೇಳು."

ಹೇಳಿದೆ. ಬಿಂಗ್ ಎಳೆಮಗುವಿನಂತೆ ಗೊಳೋ ಎಂದು ಅತ್ತ. ಅತ್ತು, ತೋಳಿನಲ್ಲಿ ಮೂಗೊರೆಸಿಕೊಂಡು ಫೆರಿ ಹತ್ತಿದ, ಚುಕ್ಕಾಣಿ ಹಿಡಿದ.

"ಆ ದೊರೆಗೆ ಹೇಳ್ರೀ ಗುಮಾಸ್ತ್ರೇ" ಎಂದು ಮೇಲಿನಿಂದ ಕೂಗಿದ, "ಮಾಡಿದ್ದನ್ನ ನಾನು ಮನಸಲ್ಲಿ ಇಟ್ಕೊಂಡಿಲ್ಲ ಅಂತ!"