ಹೆದರಿದ ಡ್ರೈವರನ್ನು ನೋಡಿ ನಕ್ಕವರು

ಮೊನ್ನೆ ಪತ್ರಿಕೆಯೊಂದು ನೋಡಲೇಬೇಕಾದ ಯುದ್ಧ ಸಿನಿಮಾಗಳ ಪಟ್ಟಿ ಕೊಟ್ಟಿತ್ತು. ಮೊದಲನೆಯ ಹೆಸರು ಕಂಡಕೂಡಲೇ ಕಾಫಿ ಲೋಟ ಕುಕ್ಕಿದೆ. ಇಷ್ಟು ವರ್ಷವಾದರೂ ಆ ಸಿನಿಮಾದ ಮೇಲಿನ ನನ್ನ ಸಿಟ್ಟು ಆರಿಲ್ಲ ನೋಡಿ.

ಅದನ್ನು ತೋರಿಸಲು ಅತ್ತಿಗೆಯನ್ನು ಆಲೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಕರೆದೊಯ್ದವನು ನಾನೇ. ಯುದ್ಧವೆಂದರೆ ಇದೇ ಎಂದು ವಿಮರ್ಶಕರೆಲ್ಲ ಹೊಗಳಿದ್ದರು. ನಾನೋ, ಅಚ್ಚಾದದ್ದನ್ನೆಲ್ಲ ನಂಬುವ ಮೇಷ್ಟ್ರು. ಅಣ್ಣ ಸೇನೆಯಲ್ಲಿ ಲಾರಿ ಡ್ರೈವರ್ ಆಗಿದ್ದ. ಅದಕ್ಕೆ ಮುಂಚೆ ವನಗೂರಿನ ಏರುಗಳಲ್ಲಿ ಎಸ್ಟೇಟ್ ಜೀಪ್ ಓಡಿಸಿದವನು. ಉತ್ತರದ ಬೆಟ್ಟಗಳಲ್ಲಿ ಯುದ್ಧ ನಡೆದಾಗ, ಮೇಲಿದ್ದವರಿಗೆ ರೇಷನ್ ಒಯ್ಯುತ್ತಿದ್ದ ಅವನ ಲಾರಿಯ ಮೇಲೆ ಶೆಲ್ ಬಿತ್ತು; ಅಣ್ಣ ಮರಳಿ ಬರಲಿಲ್ಲ. ಅವನು ಮಾಡಿದ ಕೆಲಸ ಅತ್ತಿಗೆಯ ಕಣ್ಣಿಗೊಮ್ಮೆ ಕಾಣಲಿ ಎಂದು ನನ್ನಾಸೆ.

ಸಿನಿಮಾದಲ್ಲೂ ಡ್ರೈವರೊಬ್ಬನಿದ್ದ, ನಗಿಸಲಿಕ್ಕೆ. ಶೆಲ್ ಸದ್ದಿಗೆ ಅವನ ಕೈ ನಡುಗುತ್ತದೆ. ಇಳಿದು ಚಕ್ರದ ಹಿಂದೆ ಅವಿತುಕೊಳ್ಳುತ್ತಾನೆ. ನಾಯಕ ಅವನ ಕೆನ್ನೆಗೆ ಬಾರಿಸಿ ತಾನೇ ಸ್ಟೇರಿಂಗ್ ಹಿಡಿಯುತ್ತಾನೆ. ಥಿಯೇಟರ್ ತುಂಬ ಶಿಳ್ಳೆ, ನಗು.

"ಏಳಿ ಅತ್ಗೆ, ಹೋಗಣ" ಎಂದೆ.

"ಕೂತ್ಕ. ಅವ್ನೇನಾದ ಅಂತ ನೋಡಣ" ಎಂದರು ಅತ್ತಿಗೆ.

ಅವನೇನಾದನೆಂದು ಸಿನಿಮಾ ಹೇಳಲೇ ಇಲ್ಲ. ಅಷ್ಟು ಜನ ಹೊಗಳಿ ಬರೆದರಲ್ಲ, ಅವರಲ್ಲಿ ಒಬ್ಬರಿಗಾದರೂ ಅವನ ನೆನಪಾಗಬಾರದಿತ್ತೆ?

ವಾಪಸು ಬರುವಾಗ ಬಸ್ಸಿನಲ್ಲಿ ಕುದಿಯುತ್ತ ಕೂತಿದ್ದೆ. "ನಮ್ಮಣ್ಣ ಅವನಂಗೆ ಹೆದ್ರುಪುಕ್ಲ ಆಗಿರ್ಲಿಲ್ಲ" ಎಂದುಬಿಟ್ಟೆ.

ಅತ್ತಿಗೆ ನನ್ನತ್ತ ತಿರುಗಿದರು. ಅವರ ಸಿಟ್ಟನ್ನು ನಾನು ಕಂಡದ್ದು ಅದೇ ಮೊದಲು.

"ನೀನೂ ಆ ನಕ್ಕೋರಂಗೇ ಮಾತಾಡ್ಬ್ಯಾಡ. ನಿಮ್ಮಣ್ಣನೂ ಹೆದ್ರತಿದ್ರು. ಕೈ ನಡುಗ್ತವೆ, ಅಪ್ಪಂಗೆ ಹೇಳ್ಬ್ಯಾಡ ಅಂತ ಪ್ರತಿ ಕಾಗ್ದದಲ್ಲೂ ಬರೀತಿದ್ರು. ಆ ನಡುಗೋ ಕೈಯಲ್ಲೇ ಲಾರಿ ಓಡಿಸ್ತಿದ್ರು ಕಣಪ್ಪ. ದಿನಾ."

ಭಯವೆಂದರೇನೆಂದೇ ಅರಿಯದ ವೀರ ಎಂದು ಊರ ಸಭೆಗಳಲ್ಲಿ ಅಣ್ಣನನ್ನು ಬಣ್ಣಿಸುತ್ತಿದ್ದವನು ನಾನೇ ಅಲ್ಲವೆ? ಆ ಸಿನಿಮಾ ತೆಗೆದವರಿಗೂ ನನಗೂ ಏನು ವ್ಯತ್ಯಾಸ?

ಈ ಸಲದ ಸ್ವಾತಂತ್ರ್ಯ ದಿನಕ್ಕೆ ಊರ ಶಾಲೆಯವರು ಅಣ್ಣನ ಬಗ್ಗೆ ಎರಡು ಮಾತು ಹೇಳಿ ಎಂದು ಕರೆದಿದ್ದರು. "ನಮ್ಮಣ್ಣ ತುಂಬ ಹೆದರುತ್ತಿದ್ದ. ಹೆದರಿಕೊಂಡೇ ಹೋಗುತ್ತಿದ್ದ" ಎಂದು ಶುರುಮಾಡಿದೆ. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಮುಂದೆ ಕೂತಿದ್ದ ಅತ್ತಿಗೆ ತಿರುಗಿ ಅವರನ್ನೊಮ್ಮೆ ನೋಡಿದರು.

ನಾನು ಮುಂದುವರಿಸಿದೆ.