ಸುದ್ದಿಗೆ ಹಾಕಿದ ಅಂಕ

ನನಗೊಂದು ಕೆಟ್ಟ ಚಾಳಿ. ಸುದ್ದಿ ಹೇಳಿದವರಿಗೆಲ್ಲ ಮನಸ್ಸಿನಲ್ಲೇ ಅಂಕ ಹಾಕುತ್ತೇನೆ. ಗಣಿತದ ಮಾಸ್ತರಿಕೆ ಅಂಟಿಸಿದ ರೋಗ. ಹುಮನಾಬಾದಿನ ನಮ್ಮ ಓಣಿಯ ಪಾನ್ ಅಂಗಡಿ ಖಾದರ್‌ಸಾಬರ ಹತ್ತು ಸುದ್ದಿಯಲ್ಲಿ ಐದು ನಿಜ. ಮಾಣಿಕನಗರಕ್ಕೆ ಆಟೋ ಹೊಡೆಯುವ ಶರಣಪ್ಪನಿಗೂ, ಹುಡಗಿ ಎಂಬ ಹಳ್ಳಿಯಿಂದ ಹಾಲು ತರುವ ಕಾಶಮ್ಮನಿಗೂ ಐದೇ. ಪಕ್ಕದ ಮನೆಯ ಬಸಣ್ಣನಿಗೆ ಮಾತ್ರ ಸೊನ್ನೆ. ಹೆಡ್‌ಮಾಸ್ತರರಿಗೆ ವರ್ಗವಾಯಿತೆಂದು ನಂಬಿಸಿ, ನನ್ನ ಕೈಯಿಂದ ಅವರಿಗೆ ಬೀಳ್ಕೊಡುಗೆಯ ಹಾರ ಹಾಕಿಸಿದ ಪುಣ್ಯಾತ್ಮ ಅವನು.

ಮೊಬೈಲು ಇನ್ನೂ ಬಾರದ ಕಾಲ. ತಂಗಿಯನ್ನು ನೋಡಲು ಬಸವಕಲ್ಯಾಣಕ್ಕೆ ಹೋಗಿದ್ದ ನನ್ನ ಹೆಂಡತಿ ನಾಲ್ಕರ ಹೊತ್ತಿಗೆ ಮನೆಯಲ್ಲಿರಬೇಕಿತ್ತು. ಮಧ್ಯಾಹ್ನ ಅಲ್ಲಿಂದಲೇ ಬಂದ ಬಸಣ್ಣ, "ಸರ್, ಅಕ್ಕೋರು ಏಳರ ಬಸ್ಸಿಗೆ ಬರ್ತಾರಂತ್ರಿ" ಎಂದಿದ್ದ. ಸೊನ್ನೆಯವನ ಮಾತು, ಕಿವಿಗೇ ಹಾಕಿಕೊಳ್ಳಲಿಲ್ಲ.

ಐದಾದರೂ ಅವಳ ಸುಳಿವಿಲ್ಲ. ಪಾನ್ ಅಂಗಡಿಗೆ ಹೋಗಿ, "ಕಲ್ಯಾಣದ ಬಸ್ ಎಲ್ಲ್ಯಾರ ಪಲ್ಟಿ ಆಗ್ಯಾದೇನ್ರಿ?" ಎಂದು ಕೇಳಿದೆ. ಖಾದರ್‌ಸಾಬರಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಬಾಗಿಲಿಗೂ ಗೇಟಿಗೂ ತಿರುಗಾಡತೊಡಗಿದೆ. ಅರ್ಧ ಗಂಟೆಗೆ ಶರಣಪ್ಪ ಆಟೋ ನಿಲ್ಲಿಸಿ, "ಸರ್, ಕಲ್ಯಾಣದ ಬಸ್ ಪಲ್ಟಿ ಆಗ್ಯಾದಂತ್ರಿ!" ಎಂದ. ಹಿಂದೆಯೇ ಕಾಶಮ್ಮ, "ಇಬ್ರು ಹೋದ್ರಂತ್ರಿ, ಪಾಪ!" ಎಂದಳು.

ಆ ಹೊತ್ತಿನಲ್ಲೂ ಹಾಳು ತಲೆ ಲೆಕ್ಕ ಹಾಕಿತು: ಇಬ್ಬರೂ ಸುಳ್ಳಾಡುವ ಸಂಭವ ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ. ಮುಕ್ಕಾಲು ಭಾಗ ನಿಜವೇ! ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮಾತ್ರ ಹಾಗೆ ಗುಣಿಸಬೇಕೆಂದು ವರ್ಷವರ್ಷವೂ ಮಕ್ಕಳ ತಲೆ ತಿನ್ನುತ್ತಿದ್ದವನಿಗೆ ಅಂದು ಅದೇ ಮರೆತುಹೋಯಿತು.

ಮತ್ತೆ ಅಂಗಡಿಗೆ ಓಡಿ, ಬಸ್ಸಿನ ಸುದ್ದಿ ಯಾರು ತಂದರೆಂದು ಕೇಳಿದೆ.

"ನೀವೇ ಅಲ್ರಿ ಸರ್!" ಎಂದರು ಖಾದರ್‌ಸಾಬರು. "ಮಾಸ್ತರು ಸುಮ್ನ ಕೇಳ್ತಾರೇನಂತ ನಾ ಶರಣಪ್ಪಗ ಹೇಳ್ದೆ. ಅಂವಾ ಕಾಶಮ್ಮಗ ಹೇಳ್ಯಾನ."

ನನ್ನ ಹೆದರಿಕೆಯೇ ಓಣಿ ಸುತ್ತಿ, ಎರಡು ಹೆಣ ಹೊತ್ತು ನನ್ನ ಮನೆಗೇ ಮರಳಿತ್ತು. ಲೆಕ್ಕ ತಪ್ಪೆಂದು ತಲೆಗೆ ತಿಳಿಯಿತು, ಎದೆಗೆ ತಿಳಿಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ದೇವರಿಗೆಲ್ಲ ಕೈಮುಗಿಯುತ್ತ ನಿಂತೆ.

ಏಳರ ಬಸ್ಸಿನಿಂದ ಅವಳು ಚೀಲ ಹಿಡಿದು ಇಳಿದಳು. "ಯಾಕ್ರಿ, ಮಾರಿ ಹಿಂಗ್ಯಾಕ ಆಗ್ಯಾದ? ಬಸಣ್ಣನ ಕೈಲೆ ಹೇಳಿ ಕಳ್ಸಿದ್ನಲ್ಲ!"

ಚೀಲ ಇಸಿದುಕೊಂಡೆ, ಕಣ್ಣು ಒದ್ದೆಯಾಗಿದ್ದವು.

ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಆ ಅಂಕ ಬಿದ್ದವನು ನಿಜ ಹೇಳಿದರೂ ನಮಗೆ ಕೇಳಿಸುವುದಿಲ್ಲ. ಅಂದಿನಿಂದ ಬಸಣ್ಣನಿಗೆ ಹತ್ತಕ್ಕೆ ಒಂದು ಕೊಟ್ಟಿದ್ದೇನೆ. ಈಗ ಸೊನ್ನೆ ಯಾರಿಗೂ ಇಲ್ಲ, ಹೆದರಿದಾಗಿನ ನನ್ನೊಬ್ಬನನ್ನು ಬಿಟ್ಟು.