ಎದುರು ಮತವಿಲ್ಲದ ಚುನಾವಣೆ

ಎನಿಡ್ ಕ್ರೋಶಾ ಮತ್ತು ಅವಳ ಗಂಡ ವಿಲ್ಫ್ ಮದುವೆಯಾದಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಮತಗಟ್ಟೆಯಾದ ಶಾಲೆಯವರೆಗೆ ಜೊತೆಯಾಗಿ ನಡೆದು ಹೋಗುತ್ತಿದ್ದರು, ಅಕ್ಕಪಕ್ಕದ ಮರೆಗಳಲ್ಲಿ ನಿಲ್ಲುತ್ತಿದ್ದರು. ಅವಳು ಕೆಂಪು ಪಕ್ಷಕ್ಕೆ ಗುರುತು ಹಾಕುತ್ತಿದ್ದಳು, ಅವನು ನೀಲಿ ಪಕ್ಷಕ್ಕೆ. ಅಲ್ಲಿಗೆ ಒಂದಕ್ಕೊಂದು ವಜಾ. ಇಬ್ಬರೂ ಮನೆಯಲ್ಲೇ ಕೂತಿದ್ದರೆ ಬ್ರಾಕೆನ್‌ಶಾ ಊರಿಗೆ ಏನೂ ವ್ಯತ್ಯಾಸವಾಗುತ್ತಿರಲಿಲ್ಲ.

ಒಂದು ಸಲ ಆಲಿಕಲ್ಲು ಬೀಳುತ್ತಿದ್ದ ಮಧ್ಯಾಹ್ನ ವಿಲ್ಫ್ ಕಿಟಕಿಯಿಂದ ಆಚೆ ನೋಡಿ, "ಏನಂತೀಯ? ನೀನೂ ಹೋಗ್ಬೇಡ, ನಾನೂ ಹೋಗಲ್ಲ. ಕೆಮ್ಮು ನೆಗಡಿ ಆದ್ರೂ ಉಳೀತದೆ" ಅಂದಿದ್ದ. ಎನಿಡ್ ಒಪ್ಪಿಕೊಂಡಳು. ಸಿಗರೇಟು ಮುಗಿದಿದೆ, ಆಮೇಲೆ ತರುತ್ತೇನೆ ಎಂದು ಅವನು ಹೇಳಿದ. ಅವಳು ಹಾಲು ತರುತ್ತೇನೆಂದು ಹೇಳಿ ಹೊರಟು, ಮತ ಹಾಕಿ ಶಾಲೆಯ ಗೇಟಿನಿಂದ ಹೊರಬರುವಾಗ ಎದುರಿಗೆ ವಿಲ್ಫ್, ಕೋಟಿನ ಕಾಲರು ಎತ್ತಿಕೊಂಡು ಒಳಗೆ ಹೋಗುತ್ತಿದ್ದ.

"ಹಾಲು ಇಲ್ಲಿ ಸಿಗತ್ತೇನೇ?"

"ನಿನ್ನ ಸಿಗರೇಟು ಇಲ್ಲಿ ಸಿಗತ್ತೇನೋ?"

ಆ ಸಂಜೆ ಇಬ್ಬರೂ ಮಾಂಸ-ಆಲೂಗಡ್ಡೆಯ ಪೈ ತಿನ್ನುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಹೋದ ಚಳಿಗಾಲ ವಿಲ್ಫ್ ತೀರಿಕೊಂಡ. ಮೇ ತಿಂಗಳಲ್ಲಿ ಚುನಾವಣೆ ಬಂತು. ಎನಿಡ್‌ಗೆ ಮೊದಲ ಬಾರಿ ಹೊಳೆಯಿತು: ಈ ಸಲ ಅವಳ ಮತಕ್ಕೆ ಎದುರು ಮತ ಇಲ್ಲ. ಹಾಕಿದರೆ ಅದು ಹಾಕಿದ ಜಾಗದಲ್ಲೇ ಉಳಿಯುತ್ತದೆ. ಇಷ್ಟು ವರ್ಷ ಹಗ್ಗದ ಒಂದು ತುದಿ ಹಿಡಿದು ಜಗ್ಗಿದವಳಿಗೆ ಆ ಕಡೆಯ ತುದಿ ಬಿಟ್ಟು ಹೋದ ಹಾಗೆ ಮೈ ಮುಗ್ಗರಿಸಿತು.

ಎನಿಡ್ ನೇಯ್ಗೆ ಗಿರಣಿಯ ಕೆಲಸಗಾರರ ಮಗಳು. ಹುಟ್ಟಿದ ಓಣಿಯಲ್ಲಿ ಎಲ್ಲರೂ ಕೆಂಪು. ಬೇರೆ ಬಣ್ಣ ಇದೆಯೆಂದು ಅವಳಿಗೆ ಗೊತ್ತಾದದ್ದೇ ಬಸ್ ಡಿಪೋದ ಮೆಕ್ಯಾನಿಕ್ ವಿಲ್ಫ್‌ನನ್ನು ಮೆಚ್ಚಿಕೊಂಡ ಮೇಲೆ. ಅವಳ ಅಪ್ಪ ಮದುವೆಯ ದಿನ ಅಳಿಯನ ಕೈ ಕುಲುಕಿ, "ಹುಡುಗ ಒಳ್ಳೆಯವನು, ಸರಿಹೋಗ್ತಾನೆ" ಅಂದಿದ್ದ. ವಿಲ್ಫ್ ಸರಿಹೋಗಲಿಲ್ಲ. ಅವಳು ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸ ಹಿಡಿದಳು. ಅವರಿಬ್ಬರಿಗೆ ಮಾತ್ರ ಮಕ್ಕಳಾಗಲಿಲ್ಲ. ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಶುರುವಾದರೆ ಮನೆಯಲ್ಲಿ ವಾದ ಶುರು. ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಚಾಕು ಹಿಡಿದೇ ಅವನು ತೆರಿಗೆಯ ಬಗ್ಗೆ ಮಾತಾಡುತ್ತಿದ್ದ, ಚಾಕುವನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟು ಅವಳು ಉತ್ತರ ಕೊಡುತ್ತಿದ್ದಳು. ಮಕ್ಕಳಿಲ್ಲದ ಮನೆಗೆ ಆ ಸದ್ದು ಬೇಕಾಗಿತ್ತು ಎಂದು ಈಗ ಅನಿಸುತ್ತದೆ.

ನಿಜವಾದ ಜಗಳ ನಡೆದದ್ದು ಒಂದೇ. ಅವರಿದ್ದದ್ದು ಊರಿನ ಆಡಳಿತ ನಡೆಸುವ ಕೌನ್ಸಿಲ್‌ನವರು ದುಡಿಯುವ ಜನಕ್ಕೆಂದು ಕಟ್ಟಿ ಕಡಿಮೆ ಬಾಡಿಗೆಗೆ ಕೊಟ್ಟ ಮನೆಯಲ್ಲಿ. ನೀಲಿ ಸರ್ಕಾರ ಬಂದು, ಇರುವವರೇ ಮನೆಯನ್ನು ಅಗ್ಗದಲ್ಲಿ ಕೊಂಡುಕೊಳ್ಳಬಹುದು ಎಂದಿತು. ವಿಲ್ಫ್ ಹಿಗ್ಗಿ ಕುಣಿದ. ಎನಿಡ್ ಬೇಡ ಎಂದಳು.

"ಇದು ನಮ್ಮದಲ್ಲ ವಿಲ್ಫ್. ನಮ್ಮ ಮುಂಚೆ ಯಾರೋ ಇದ್ರು, ನಮ್ಮ ಆಮೇಲೆ ಯಾರೋ ಬರ್ಬೇಕು. ನಾವು ಕೊಂಡ್ಕೊಂಡ್ರೆ ಆ ಬರೋರು ಎಲ್ಲಿಗೆ ಹೋಗ್ಬೇಕು?"

"ಬರೋರ ಚಿಂತೆ ಬರೋರಿಗೆ. ಸಾಯೋವರೆಗೂ ಬಾಡಿಗೆ ಕಟ್ಟಿ, ಗೋಡೆಗೆ ಮೊಳೆ ಹೊಡೆಯೋಕೂ ಅವರ ಅಪ್ಪಣೆ ಕೇಳ್ಬೇಕಾ ನಾನು?"

ವಾರಗಟ್ಟಲೆ ಮಾತು ಬಿಟ್ಟರು. ಕೊನೆಗೆ ಅವನ ಹಟವೇ ನಡೆಯಿತು. ಮನೆ ಕೊಂಡ ಮರುದಿನವೇ ಕೌನ್ಸಿಲ್‌ನ ಹಸಿರು ಮುಂಬಾಗಿಲು ಕಿತ್ತು ಹೊಸ ಓಕ್ ಬಾಗಿಲು ಹಾಕಿಸಿದ. ಬೀದಿಯಲ್ಲಿ ಮನೆ ಕೊಂಡವರೆಲ್ಲ ಮೊದಲು ಮಾಡಿದ್ದು ಅದನ್ನೇ. ಆ ಬಾಗಿಲಿನಲ್ಲಿ ತಾನು ಕಾಲಿಡುವುದಿಲ್ಲವೆಂದು ಎನಿಡ್ ಅಂದಳು, ಇಟ್ಟೂ ಇಲ್ಲ. ಹಿತ್ತಿಲ ಬಾಗಿಲಲ್ಲೇ ಓಡಾಡಿದಳು. ಶವಪೆಟ್ಟಿಗೆಯ ಹಿಂದೆ ಮಾತ್ರ ಒಮ್ಮೆ ಅದರಿಂದ ಹೊರಗೆ ಬಂದಳು.

ಈಗ ಊರಿನಲ್ಲೆಲ್ಲ ಒಂದೇ ಮಾತು. ಪೈ ಅಂಗಡಿಯ ಸರದಿಯಲ್ಲಿ ನಿಂತರೂ ಅದೇ. "ಯಾರು ಬಂದ್ರೆ ಏನು ಬಿಡಿ," ಎಂದು ಅಂಗಡಿಯವಳು ಪೊಟ್ಟಣ ಕಟ್ಟುತ್ತಾ ಅಂದಳು. "ಒಂದೇ ಅಂಗಿ. ಇವರು ಒಳಗು ಹೊರಗು ಮಾಡಿ ಹಾಕ್ಕೋತಾರೆ, ಅಷ್ಟೇ."

ಎಲ್ಲರೂ ನಕ್ಕರು. ಎನಿಡ್‌ಗೆ ನಗು ಬರಲಿಲ್ಲ. ಎರಡೂ ಒಂದೇ ಆಗಿದ್ದರೆ, ವಾರಗಟ್ಟಲೆ ಮಾತು ಬಿಟ್ಟದ್ದು ಯಾತಕ್ಕೆ? ಬೆಳಗಿನ ಆ ವಾದಗಳೆಲ್ಲ ಏನು? ತಾನೇ ತಪ್ಪು ಎಂದಾದರೂ ಅವಳು ತಾಳಿಕೊಳ್ಳುತ್ತಿದ್ದಳು, ವಿಲ್ಫ್ ಮೇಲಿನಿಂದ ನಗಲಿ ಬೇಕಾದರೆ. ಆದರೆ ಜಗಳವೇ ಸುಳ್ಳಾಗಿಬಿಟ್ಟರೆ ಒಟ್ಟಿಗೆ ಬದುಕಿದ್ದರಲ್ಲಿ ಅರ್ಧ ಭಾಗ ಗಾಳಿಗೆ ಹೋದಂತೆ. ಮತ ಹಾಕಬೇಕೋ ಬೇಡವೋ ಎಂದು ಅವಳು ಮೊದಲ ಬಾರಿಗೆ ಯೋಚಿಸಿದಳು.

ಒಂದು ಶನಿವಾರ ಮುಂಬಾಗಿಲು ಬಡಿದ ಸದ್ದಾಯಿತು. "ಹಿಂದುಗಡೆಯಿಂದ ಬನ್ನಿ," ಎಂದು ಎನಿಡ್ ಕೂಗಿದಳು. ಬಂದವಳು ಕೆಂಪು ಪಕ್ಷದ ಅಭ್ಯರ್ಥಿಯೇ, ಫಿಲಿಪಾ ಡಾಸನ್, ವಕೀಲೆ. ಎದೆಯ ಮೇಲೆ ಕೆಂಪು ರಿಬ್ಬನ್ನಿನ ಹೂವು, ನಡೆದು ನಡೆದು ಉಜ್ಜಿಹೋದ ಹಿಮ್ಮಡಿಗೆ ಅಂಟಿಸಿದ ಪಟ್ಟಿ.

ನನ್ನ ಓಟು ಯಾವಾಗಲೂ ನಿಮಗೇ ಎಂದು ಹೇಳಿ ಚಹಾ ಕೊಡುವುದು ರೂಢಿ. ಅಂದು ಬಾಯಿಂದ ಬೇರೆಯೇ ಬಂತು.

"ನಮ್ಮನೇಲಿ ನೀಲಿ ಕಣಮ್ಮ," ಎಂದಳು ಎನಿಡ್.

ಫಿಲಿಪಾಳ ಮುಖ ಅರಳಿತು. "ಪರವಾಗಿಲ್ಲ, ಮಾತಾಡೋಣ. ನಿಮ್ಮಂಥೋರ ಮಾತೇ ನಮಗೆ ಮುಖ್ಯ."

"ದುಡಿದವನ ಸಂಬಳದಿಂದ ಕಿತ್ಕೊಂಡು ಕೂತಿರೋನಿಗೆ ಹಂಚ್ತೀರಲ್ಲ, ಅದು ಯಾವ ನ್ಯಾಯ?" ವಿಲ್ಫ್‌ನದೇ ಮಾತು, ಅವನದೇ ಧಾಟಿ.

"ನಿಮ್ಮ ಕಳವಳ ನನಗೆ ಪೂರ್ತಿ ಅರ್ಥ ಆಗತ್ತೆ. ನಮ್ಮದು ದುಡಿಯೋರ ಪಕ್ಷ."

ಎನಿಡ್ ಕಾದಳು. ಈ ಮಾತಿಗೆ ಅವಳ ಬಳಿ ಉತ್ತರ ಸಿದ್ಧವಿತ್ತು: ಕೂತಿರೋನು ಯಾರು ವಿಲ್ಫ್, ಬೆನ್ನು ಮುರ್ಕೊಂಡ ನಿಮ್ಮಣ್ಣನೇ? ಫಿಲಿಪಾ ಅಂಥದ್ದೇನೂ ಹೇಳಲಿಲ್ಲ, ತಲೆಯಾಡಿಸಿದಳು.

"ಬಾಡಿಗೆ ಕಟ್ಟಿದವನಿಗೆ ಮನೆ ತನ್ನದು ಅನ್ಸೋದು ಬೇಡ್ವಾ?"

"ಖಂಡಿತ ಬೇಕು. ಸ್ವಂತ ಮನೆಯ ಆಸೆಗೆ ನಾವು ಯಾವತ್ತೂ ಅಡ್ಡ ಬರಲ್ಲ."

"ಹಾಗಾದ್ರೆ ಅವರಿಗೂ ನಿಮಗೂ ಏನು ವ್ಯತ್ಯಾಸ?"

"ನಾವು ಜವಾಬ್ದಾರಿಯಿಂದ ಮಾಡ್ತೀವಿ," ಎಂದಳು ಫಿಲಿಪಾ.

ಅವಳು ಹೋದ ಮೇಲೆ ಎನಿಡ್ ತಣ್ಣಗಾದ ಚಹಾದ ಮುಂದೆ ಕೂತಳು. ಜೀವಮಾನವಿಡೀ ಈ ಮೇಜಿನಲ್ಲಿ ವಿಲ್ಫ್ ಒಂದು ವಾದವನ್ನೂ ಗೆದ್ದಿರಲಿಲ್ಲ. ಇಂದು, ತಾನಿಲ್ಲದೆಯೇ, ಎಲ್ಲವನ್ನೂ ಗೆದ್ದ. ಅವನಿಗೂ ಇದು ಇಷ್ಟವಾಗುತ್ತಿರಲಿಲ್ಲ. ಇಷ್ಟು ಸುಲಭವಾಗಿ ಒಪ್ಪುವವರನ್ನು ಕಂಡರೆ ಅವನು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಆಮೇಲೆ ಏನನ್ನುತ್ತಿದ್ದ? ಅಲ್ಲಿಗೆ ಅವಳ ಯೋಚನೆ ನಿಂತುಬಿಟ್ಟಿತು. ಅವನು ಆಡಿದ ಮಾತೆಲ್ಲ ಅವಳಿಗೆ ಬಾಯಿಪಾಠ. ಇನ್ನೂ ಆಡದ ಮಾತು ಒಂದೂ ಗೊತ್ತಿರಲಿಲ್ಲ.

ಮರುವಾರ ನೀಲಿಯವರೂ ಬಂದರು. ಅವರೆದುರು ಎನಿಡ್ ತನ್ನದೇ ಮಾತು ಆಡಿದಳು, ಬಡವರಿಗೆ ಮನೆ, ಬಾಡಿಗೆ, ಬರುವವರು ಎಲ್ಲಿಗೆ ಹೋಗಬೇಕು. ಬಂದ ಗಂಡಸು ಟೋಪಿ ತೆಗೆದು, ಅದೂ ಸರಿಯೇ, ನಾವೂ ಕಟ್ಟುತ್ತೇವೆ ಎಂದ. ಅವನಿಗೆ ಚಹಾ ಕೊಡಲಿಲ್ಲ.

ಚುನಾವಣೆಯ ಗುರುವಾರ ಪಕ್ಕದ ಮನೆಯ ಮುಂದೆ ಒಂದು ವ್ಯಾನು ನಿಂತಿತ್ತು. ಅದೂ ಒಂದು ಕಾಲಕ್ಕೆ ಕೌನ್ಸಿಲ್ ಮನೆಯೇ; ಕೊಂಡವರು ಮಾರಿದ್ದರು, ಮಾರಿದ್ದನ್ನು ಲಂಡನ್ನಿನ ಯಾರೋ ಕೊಂಡಿದ್ದರು. ಬಾಡಿಗೆಗಿದ್ದ ಟಾಶಾಳಿಗೆ ಆ ಯಾರೋ ಕಾರಣವನ್ನೂ ಹೇಳದೆ ಖಾಲಿ ಮಾಡು ಎಂದಿದ್ದರು. ಟಾಶಾ ಎಳೆಗೂಸನ್ನು ಕಟ್ಟಿಕೊಂಡು ತಾಯಿಯ ಮನೆಗೆ ಹೊರಟಿದ್ದಳು. ನಮ್ಮ ಮನೆಯಲ್ಲಿ ಎರಡು ಕೋಣೆ ಖಾಲಿ ಇವೆ ಎಂದು ಎನಿಡ್ ಹೇಳಿದ್ದಳು. "ಬೇಡಪ್ಪಾ, ಮಗು ರಾತ್ರಿಯೆಲ್ಲ ಅಳ್ತದೆ, ನೀವು ಬೆಳಿಗ್ಗೆಯೆಲ್ಲ ರೇಡಿಯೋ ಜೊತೆ ಜಗಳ ಆಡ್ತೀರಿ" ಎಂದು ಟಾಶಾ ನಕ್ಕು ತಳ್ಳಿಹಾಕಿದ್ದಳು.

ಎನಿಡ್ ತೊಟ್ಟಿಲ ಒಂದು ತುದಿ ಹಿಡಿದು ವ್ಯಾನಿಗೆ ಏರಿಸಿದಳು. "ಓಟು ಹಾಕಿ ಹೋಗೇ, ದಾರೀಲೇ ಇದೆ."

"ಯಾರಿಗೆ? ಎರಡೂ ಒಂದೇ."

"ಒಂದೇ ಅಲ್ಲ ಕಣೇ! ಈ ಮನೆ ಕೌನ್ಸಿಲ್ ಹತ್ರಾನೇ ಇದ್ದಿದ್ರೆ ನಿನ್ನನ್ನ ಹೀಗೆ ಎಬ್ಬಿಸೋಕೆ ಆಗ್ತಿತ್ತಾ? ಇದಕ್ಕೇ ನಾನು ವಿಲ್ಫ್ ಜೊತೆ ಮಾತು ಬಿಟ್ಟಿದ್ದು." ತನ್ನ ದನಿ ಇಷ್ಟು ಏರಿದ್ದು ಕೇಳಿ ಅವಳಿಗೇ ಬೆರಗಾಯಿತು. ಅಂದು ಅವಳು ಹೇಳಿದ ಆ ಮುಂದೆ ಬರುವವರು ಇಲ್ಲೇ ನಿಂತಿದ್ದರು, ಕಂಕುಳಲ್ಲಿ ಕೂಸು ಇಟ್ಟುಕೊಂಡು.

"ಇದನ್ನ ಆ ಕೆಂಪು ಹೂವಿನೋಳಿಗೆ ಹೇಳಿದ್ರಾ?"

"ಇಲ್ಲ."

"ಮತ್ತೇನು ಹೇಳಿದ್ರಿ?"

"ವಿಲ್ಫ್ ಹೇಳೋದನ್ನ ಹೇಳ್ದೆ."

ಟಾಶಾ ವ್ಯಾನಿನ ಬಾಗಿಲು ಹಾಕಿದಳು. "ಸರಿಹೋಯ್ತು. ಸತ್ತ ಮೇಲೂ ಅವರ ಕಡೆ ಮಾತಾಡೋರು ಇದ್ದಾರೆ. ನಿಮ್ಮ ಕಡೆ ಯಾರಿದ್ದಾರೆ ಎನಿಡ್?" ಎಂದು ಕೆನ್ನೆಗೆ ಕೆನ್ನೆ ತಾಗಿಸಿ ಹತ್ತಿ ಕೂತಳು. ವ್ಯಾನು ತಿರುವಿನಲ್ಲಿ ಮರೆಯಾಯಿತು.

ಎನಿಡ್ ಕೋಟು ಹಾಕಿಕೊಂಡು ಶಾಲೆಗೆ ನಡೆದಳು. ಗೇಟಿನ ಬಳಿ ಫಿಲಿಪಾ ಬರುವವರೆಲ್ಲರ ಕೈ ಕುಲುಕುತ್ತಿದ್ದಳು. ಎನಿಡ್ ಈ ಸಲ ತನ್ನ ಮಾತನ್ನೇ ಆಡಿದಳು, ನಡುವೆ ಉಸಿರೂ ಬಿಡದೆ, ಟಾಶಾಳ ತೊಟ್ಟಿಲಿನವರೆಗೆ.

"ನೀವು ಹೇಳೋದು ನೂರಕ್ಕೆ ನೂರು ಸರಿ," ಎಂದಳು ಫಿಲಿಪಾ.

"ಮೊನ್ನೆ ನನ್ನ ಗಂಡ ಹೇಳಿದ್ದಕ್ಕೂ ಖಂಡಿತ, ಖಂಡಿತ ಅಂದ್ರಿ."

"ನಿಮ್ಮ ಯಜಮಾನ್ರನ್ನ ನಾನು ಭೇಟಿ ಆಗಿದ್ನಾ?"

"ಆಗಿದ್ರಿ. ವಾದ ಗೆದ್ದು ಹೋದ್ರು."

ಫಿಲಿಪಾ ಅವಳನ್ನು ದಿಟ್ಟಿಸಿ ನೋಡಿದಳು. ನಗು ಇಳಿಯಿತು. ನಗು ಇಳಿದ ಮುಖ ಸೋತಿತ್ತು, ಹಾಗಾಗಿ ನಿಜವೂ ಅನಿಸಿತು. "ನೋಡಿ ಅಮ್ಮಾ," ಎಂದಳು ದನಿ ತಗ್ಗಿಸಿ, "ಗೆಲ್ಲದೆ ನಾನು ಏನೂ ಮಾಡೋಕಾಗಲ್ಲ. ಗೆಲ್ಲೋಕೆ ನಿಮ್ಮ ಯಜಮಾನ್ರಂಥೋರ ಓಟು ಬೇಕು."

"ಅವರು ಹಾಕಲ್ಲ ಕಣಮ್ಮ. ನೀವು ಎಷ್ಟು ಒಪ್ಪಿದ್ರೂ ಹಾಕಲ್ಲ. ಅವರ ಜೊತೆ ಜಗಳ ಆಡಿದ್ರೆ ಮರ್ಯಾದೆನಾದ್ರೂ ಕೊಡ್ತಿದ್ರು."

ಅಷ್ಟು ಹೇಳಿ ಅವಳು ಒಳಗೆ ಹೋದಳು. ತಾನು ಮಕ್ಕಳಿಗೆ ಕಸ್ಟರ್ಡ್ ಬಡಿಸಿದ ಹಾಲ್ ಅದು. ಮರೆಯಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲ್ಲು. ಹಿಡಿದು ಬಹಳ ಹೊತ್ತು ನಿಂತಳು. ಈ ಎರಡು ಹೆಸರುಗಳ ನಡುವೆ ಒಂದು ಗೆರೆಯಷ್ಟೇ ಅಂತರ ಇರಬಹುದು, ಇಲ್ಲದೆಯೂ ಇರಬಹುದು. ತನಗೂ ವಿಲ್ಫ್‌ಗೂ ನಡುವೆ ಅಂತರ ಇತ್ತು. ಅದು ಇವರು ಕೊಟ್ಟದ್ದಲ್ಲ, ಇವರು ಕೈಬಿಟ್ಟರೂ ಹೋಗುವುದಲ್ಲ. ಆ ಜಗಳದಲ್ಲಿ ತನ್ನ ಕಡೆಗೆ ಎಂದುಕೊಂಡು ಎನಿಡ್ ಕೆಂಪಿನ ಎದುರು ಗುರುತು ಹಾಕಿದಳು, ಕಾಗದ ಮಡಚಿದಳು, ಪೆಟ್ಟಿಗೆಗೆ ಇಳಿಬಿಟ್ಟಳು.

ಆಮೇಲೆ ಬಾಗಿಲ ಪಕ್ಕ, ಮಕ್ಕಳು ಕೋಟು ತಗುಲಿಹಾಕುವ ಗಿಡ್ಡ ಗೂಟಗಳ ಹತ್ತಿರ ಹೋಗಿ ನಿಂತಳು. ಮತ ಹಾಕಿ ಬರಲು ವಿಲ್ಫ್‌ಗೆ ಯಾವಾಗಲೂ ತಡವಾಗುತ್ತಿತ್ತು, ಅವಳು ಅಲ್ಲೇ ಕಾಯುತ್ತಿದ್ದಳು. ಯಾರಿಗೆ ಹಾಕಬೇಕೆಂದು ಹುಟ್ಟಿದಾಗಿನಿಂದ ಗೊತ್ತಿದ್ದರೂ ಅವನು ಕನ್ನಡಕ ಹಾಕಿಕೊಂಡು ಎಲ್ಲ ಹೆಸರನ್ನೂ ಮೇಲಿಂದ ಕೆಳಗೆ ಓದುತ್ತಿದ್ದ.

"ಏನಾದ್ರೂ ಬೇಕಿತ್ತಾ ಅಮ್ಮಾ?" ಎಂದು ಮೇಜಿನ ಹಿಂದಿದ್ದ ಗುಮಾಸ್ತ ಕೇಳಿದ.

"ಇಲ್ಲಪ್ಪ," ಎಂದಳು. ಆದರೂ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.